ವೈಫೈ ಡ್ರೈವರೂ ನನ್ನ ಹೊಟ್ಟೆಕಿಚ್ಚೂ

ನಮ್ಮ ಪಡಸಾಲೆಯ ಕಂಪ್ಯೂಟರಿನ ಮಗ್ಗುಲಲ್ಲಿ ಹುಣಸೆಬೀಜದಷ್ಟು ಚಿಕ್ಕದೊಂದು ವೈಫೈ ಅಡಾಪ್ಟರ್ ಸಿಕ್ಕಿಸಿದೆ. ಅದರ ನೀಲಿ ದೀಪ ಮಿಣುಕುವುದನ್ನು ಇವತ್ತು ಬೆಳಿಗ್ಗೆಯೂ ನೋಡಿದೆ. ನಿಮಗಾದರೆ ಅದು ಬರೀ ದೀಪ. ನನಗೆ ಅದನ್ನು ಕಂಡರೆ ಈಗಲೂ ಹಸಿಮೆಣಸಿನಕಾಯಿ ಕಡಿದಂತಾಗುತ್ತದೆ.

ನನ್ನ ಹೆಂಡತಿ ಮಹಾನಂದಾ ಉದಗೀರಿನವಳು. ಮದುವೆಗೆ ಮುಂಚೆ ಅಲ್ಲಿಯೇ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವಳು. ಮಹಾರಾಷ್ಟ್ರದ ಗಡಿಯ ನಿಲಂಗಾದಲ್ಲಿ ನಮ್ಮದು ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ಮಕ್ಕಳು ದೊಡ್ಡವರಾದ ಮೇಲೆ ಆಕೆ ಓಣಿಯ ಹೆಂಗಸರಿಗೆ ಕಂಪ್ಯೂಟರ್ ಕಲಿಸತೊಡಗಿದಳು. ಹಳೆಯ ಯಂತ್ರಗಳಿಗೆ ಹಗುರಾಗಲಿ ಎಂದು ವಿಂಡೋಸ್ ತೆಗೆದು ಲಿನಕ್ಸ್ ಹಾಕಿದಳು. ನಾನು ಬಟ್ಟೆ ಮುಟ್ಟಿ ನೂಲಿನ ಜಾತಿ ಹೇಳುವವನು; ಲಿನಕ್ಸ್ ಎಂದರೆ ಲಿನನ್ನಿನ ತಮ್ಮನಿರಬೇಕು ಅಂದುಕೊಂಡಿದ್ದೆ.

ಒಂದು ದಿನ ಯಂತ್ರದೊಳಗಿನ ವೈಫೈ ಕೆಟ್ಟಿತು. ಈ ಅಡಾಪ್ಟರ್ ತಂದು ಸಿಕ್ಕಿಸಿದರೆ ದೀಪವೇ ಹತ್ತಲಿಲ್ಲ. ಇದಕ್ಕೂ ಯಂತ್ರಕ್ಕೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಡ್ರೈವರ್ ಎಂಬ ಪ್ರೋಗ್ರಾಮು ಬೇಕಂತೆ. ಅದನ್ನು ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಅದು ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

"ನಿಮ್ಮ ಫೋನ್ ಕೊಡ್ರಿ, ವಾಯರ್ ಹಚ್ಚಿ ನೆಟ್ ತಗೋತೀನಿ" ಎಂದಳು. ಕೊಟ್ಟೆ. ತನ್ನ ಫೋನಿನಿಂದ ಉಮರ್ಗಾದ ಸಂಗಮೇಶನಿಗೆ ಹಚ್ಚಿದಳು. ಕಾಲೇಜಿನಲ್ಲಿ ಜೊತೆಗೆ ಓದಿದವನು, ಈಗ ಉಮರ್ಗಾದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾನೆ.

"ಏ ಸಂಗ್ಯಾ, ತಲಿ ಅದನೋ ಇಲ್ಲೋ ನಿನಗ? ನೀ ಹೇಳಿದ್ದು ಹಾಕಿದ್ರ ಎರರ್ ಬರ್ಲತ್ತದ!"

ಸ್ಪೀಕರಿನಲ್ಲಿ ನಗು. "ಕರ್ನಲ್ ಹೆಡರ್ ಹಾಕ್ದೇನು? ಮೊದ್ಲು ಅದು ಹಾಕ, ಬಾವಳಟ್!"

ನನ್ನ ಹೆಂಡತಿಯನ್ನು ದಡ್ಡಿ ಅಂದವನಿಗೆ ಆಕೆ ಕಿಲಕಿಲ ನಕ್ಕಳು. ಸಾರಿಗೆ ಉಪ್ಪು ಕಡಿಮೆ ಎಂದರೆ ಸಂಜೆಯವರೆಗೂ ಮುಖ ಗಂಟಿಕ್ಕುವವಳು! ನನ್ನೊಡನೆ ಇಷ್ಟು ವರ್ಷ ಬರೀ ಹೌದ್ರಿ, ಅಲ್ರಿ, ನೀವು. ಅವನಿಗೆ 'ನೀ'. ನೆಟ್ಟು ನನ್ನದು, ಮಾತು ಅವನದು. ವಾಯರ್ ಸಡಿಲಿತ್ತು, ಕಳಚದಂತೆ ನಾನೇ ಒತ್ತಿ ಹಿಡಿದು ಕೂತಿದ್ದೆ. ಅಂಗಡಿಯಿಂದ ಗಿರಾಕಿಗಳು "ಶೇಠ್, ಓ ಶೇಠ್" ಎಂದು ಕರೆಯುತ್ತಿದ್ದರು. ಏಳಲಾಗಲಿಲ್ಲ. ಕೇಳದಿರಲೂ ಆಗಲಿಲ್ಲ.

ಪರದೆಯ ತುಂಬ ಅಕ್ಷರಗಳು ಸುರಿದು ನಿಂತವು. ಯಂತ್ರ ಆರಿಸಿ ಮತ್ತೆ ಹಚ್ಚಿದಾಗ ನೀಲಿ ದೀಪ ಮಿಣುಕಿತು.

"ಸಂಗ್ಯಾ, ಝಾಲಂ, ಆಯ್ತು! ಹತ್ತಿತೋ!" ಎಂದು ಮಹಾನಂದಾ ಫೋನಿಗೆ ಕೂಗಿದಳು. ನಾನು ಮೊಳದೂರದಲ್ಲಿದ್ದೆ. ವಾಯರ್ ಬಿಚ್ಚಿಕೊಂಡು ಅಂಗಡಿಗೆ ಹೋದೆ. ಊಟಕ್ಕೆ ಕೂತಾಗ ಅರ್ಧ ರೊಟ್ಟಿ ಬಿಟ್ಟು ಎದ್ದೆ, ಆಕೆಗೆ ಅದು ತಿಳಿಯಲೂ ಇಲ್ಲ. ಅದೇ ಹೆಚ್ಚು ಉರಿಯಿತು.

ಕೆಲವು ವಾರ ಕಳೆದಿರಬೇಕು. ಲಿನಕ್ಸ್ ತನ್ನನ್ನು ತಾನೇ ಹೊಸದು ಮಾಡಿಕೊಂಡಿತು, ಹಳೆಯ ಡ್ರೈವರ್ ಅದಕ್ಕೆ ಒಗ್ಗಲಿಲ್ಲ, ದೀಪ ಆರಿತು. ಮಹಾನಂದಾ ಕೈ ಚಾಚಿದಳು: "ಫೋನ್ ಕೊಡ್ರಿ."

"ನಿನ್ನ ಸಂಗ್ಯಾಗೇ ಹಚ್ಚು ಹೋಗ!"

ಚಾಚಿದ ಕೈ ಹಾಗೆಯೇ ನಿಂತಿತು. "ನನ್ನ ಸಂಗ್ಯಾ ಅಂದ್ರ?"

ಮಾತು ನುಂಗಬೇಕೆಂದುಕೊಂಡೆ, ಆಗಲಿಲ್ಲ. "ಅಂವನ ಜೋಡಿ ನಗ್ತೀದಿ. ಅಂವಗ ಬೈತೀದಿ. ನನಗ ಒಂದಿನಾನೂ ಹಂಗ ಬೈದಿಲ್ಲ."

ಬೈಸಿಕೊಳ್ಳಲಿಲ್ಲ ಎಂದು ದೂರುವ ಗಂಡನನ್ನು ನೀವು ಕಂಡಿದ್ದೀರೋ ಇಲ್ಲವೋ, ಆಕೆಯಂತೂ ಕಂಡಿರಲಿಲ್ಲ. ನಗುತ್ತಾಳೆಂದುಕೊಂಡೆ. ನಗಲಿಲ್ಲ. ಕುರ್ಚಿಯಲ್ಲಿ ಕೂತಳು.

"ಅಂವ ಮತ್ತ ನಾ ಒಂದೇ ಬೆಂಚಿನ ಮ್ಯಾಲ ಕೂತು ತಪ್ಪು ಮಾಡಿ ಕಲ್ತೀವ್ರಿ. ಆವಾಗ ನಾ ಹೆಂಗಿದ್ದೆ ಅಂತ ಅಂವಗ ಗೊತ್ತದ. ಈ ಮನ್ಯಾಗ ಯಾರಿಗೂ ಗೊತ್ತಿಲ್ಲ. ನೀವು ಒಮ್ಮೆರೆ ಕೇಳೀರೇನು?"

ಕೇಳಿರಲಿಲ್ಲ. ನಾನು ಹೊಟ್ಟೆಕಿಚ್ಚುಪಟ್ಟದ್ದು ಉಮರ್ಗಾದವನ ಮೇಲೆಂದು ತಿಳಿದಿದ್ದೆ. ನಿಜಕ್ಕೂ ಉರಿದದ್ದು, ಬೈದು ನಗುವ ಉದಗೀರಿನ ಆ ಹುಡುಗಿ ನನಗೆ ಸಿಗದೆ ಹೋದದ್ದಕ್ಕೆ.

"ನನಗೂ ಕಲಿಸು" ಎಂದೆ.

"ಕ್ಲಾಸಿಗೆ ಬರ್ರಿ. ಎಲ್ಲಾರ ಜೋಡಿ ಕೂಡಬೇಕಾಗತದ."

ಅಂದು ಆಕೆ ಯಾರಿಗೂ ಫೋನ್ ಹಚ್ಚದೆ ತಾನೇ ಡ್ರೈವರನ್ನು ಮತ್ತೆ ಕೂರಿಸಿದಳು. ಮುಂದೆ ಲಿನಕ್ಸಿನ ತಿರುಳಾದ ಕರ್ನಲ್ ಬದಲಾದರೂ ಡ್ರೈವರ್ ತಾನಾಗಿಯೇ ಕೂರುವಂತೆ ವ್ಯವಸ್ಥೆಯನ್ನೂ ಮಾಡಿದಳು.

ಈಗ ಸಂಜೆ ಓಣಿಯ ಹೆಂಗಸರ ನಡುವೆ ನಾನೊಬ್ಬನೇ ಗಂಡಸು ಕೂರುತ್ತೇನೆ. ನನ್ನ ಪಕ್ಕಕ್ಕೆ ಹಾಲಿನ ಡೇರಿಯ ಗಂಗೂಬಾಯಿ. ಇವತ್ತು ಮಹಾನಂದಾ ಮೊದಲು ಅವಳ ಪರದೆ ನೋಡಿ, "ಗಂಗೂಬಾಯಿ, ಭಾರಿ ಮಾಡೀರಿ!" ಎಂದಳು. ನನ್ನದನ್ನು ನೋಡಿ ಹೊಗಳಲೂ ಇಲ್ಲ, ಬೈಯಲೂ ಇಲ್ಲ, ಮುಂದೆ ಹೋದಳು. ಗಂಗೂಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಕಣ್ಣು ಓರೆ ಮಾಡಿ ಗಂಗೂಬಾಯಿ ಬರೆದದ್ದನ್ನು ನೋಡಿದೆ. ಆಕೆ ಪರದೆಯನ್ನು ಆಚೆ ತಿರುಗಿಸಿಕೊಂಡಳು.