ಮೆಲ್ಲಗೆ ತೂಗಿದ ದೋಣಿ

ನಮ್ಮ ದೊಡ್ಡಣ್ಣ ಮೋಟಾರ್ ದೋಣಿ ಕಟ್ಟೋನು. ಕೈ ಬಂಗಾರ ಕಣೇ, ಕೋಪ ಮಾತ್ರ ಮೂಗಿನ ತುದೀಲೇ. ಬರ್ಕೊಳ್ತಿದ್ದೀಯಾ? ಸರಿ, ಬರ್ಕೋ. ಅವನು ಕಟ್ಟಿದ ಒಂದು ಸಣ್ಣ ವಿಹಾರದ ದೋಣೀನ ಅವನ ಅಳಿಯ, ಮಗಳ ಗಂಡನೇ ಸಮುದ್ರಕ್ಕೆ ಒಯ್ತಿದ್ದ. ಅದು ಅಲೆ ಬಂದ್ರೆ ಪಟ್ಟಂತ ವಾಲಿ ಪಟ್ಟಂತ ಏಳೋದು. ಹತ್ತಿದೋರಿಗೆಲ್ಲ ವಾಂತಿ.

"ಮಾವ, ನಿಮ್ಮ ದೋಣಿ ಕತ್ತೆ ಥರ ಒದೆಯುತ್ತೆ," ಅಂತ ಅಳಿಯ ರೇಗಿಸ್ದ.

ಅಣ್ಣಂಗೆ ರೋಷ ಬಂತು. ತಳದಲ್ಲಿ ಭಾರಕ್ಕಿಟ್ಟಿದ್ದ ಸೀಸ ಅರ್ಧ ತೆಗೆಸಿ, ಮೇಲೊಂದು ಕೋಣೆ ಕಟ್ಟಿದ. ಆಮೇಲೆ ನೋಡು, ದೋಣಿ ತೊಟ್ಟಿಲ ಹಾಗೆ ಮೆಲ್ಲಗೆ ತೂಗೋದು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮೆಲ್ಲಗೆ ಏಳೋ ದೋಣಿಗೆ ಏಳೋ ಶಕ್ತೀನೇ ಕಮ್ಮಿ ಅಂತ ಅವನಿಗೆ ಗೊತ್ತಿಲ್ದೆ ಏನು? ಹೊಗಳಿಕೇಲಿ ಮರೆತ.

ಬಿರುಗಾಳೀಲಿ ಅದು ವಾಲಿದ್ದು ಏಳಲೇ ಇಲ್ಲ ಅಂತ ಅದೇ ದೋಣೀಲಿದ್ದು ಈಜಿ ಬದುಕಿದ ಅಡುಗೆಯವನು ಬಂದು ಹೇಳ್ದ. ಅಳಿಯನ ಹೆಣಾನೂ ಸಿಗಲಿಲ್ಲ.

ಮಗಳು ಅಳ್ಲಿಲ್ಲ. "ಅಪ್ಪಾ, ಈಗ ದೋಣಿ ಸರಿಯಾಯ್ತು ಅಂತ ನೀವೇ ಅಂದಿದ್ರಲ್ಲ?" ಅಂದ್ಲು.

"ಹೂಂ, ಮಗಳೇ."

ಅಣ್ಣ ಸಾಯೋವರೆಗೂ ಹೊತ್ತು ಹೊತ್ತಿಗೆ ಊಟ ಹಾಕಿದ್ಲು. ಅಪ್ಪಾ ಅಂತ ಮಾತ್ರ ಮತ್ತೆ ಕರೀಲಿಲ್ಲ. ಪಾಪ, ಅವನೂ ಯಾಕೆ ಅಂತ ಕೇಳ್ಲಿಲ್ಲ.