ಮುಖ ಕಾಣುವ ಫೋಟೊ

ಜಪಾನಿನ ನಮ್ಮ ಅವಾಜಿ ದ್ವೀಪದ ಬೊಂಬೆಯಾಟದಲ್ಲಿ ಒಂದು ಬೊಂಬೆಯನ್ನು ಮೂವರು ಆಡಿಸುತ್ತಾರೆ. ಇಸೋಕಿಚಿ ಮಾಮ ಮೂವತ್ತೆಂಟು ವರ್ಷ ಬರೀ ಕಾಲುಗಳನ್ನು ಆಡಿಸಿದವರು. ತಲೆಗೆ ಕಪ್ಪು ಮುಸುಕು, ಸದಾ ಬಗ್ಗಿದ ಬೆನ್ನು. ಅವರ ಮುಖವನ್ನು ಯಾವ ಪ್ರೇಕ್ಷಕನೂ ಕಂಡವನಲ್ಲ.

ಕೊರೋನಾದಿಂದ ಆಟ ನಿಂತಾಗ ಸರ್ಕಾರ ಕಲಾವಿದರಿಗೆ ತುರ್ತು ನೆರವು ಘೋಷಿಸಿತು. ತಂಡದಲ್ಲಿ ವಾದ್ಯ ನುಡಿಸುವ ನಾನೇ ಎಲ್ಲರ ಅರ್ಜಿ ತುಂಬಿದೆ. ಮಾಮನದು ಮಾತ್ರ ವಾಪಸಾಯಿತು. ರಂಗದ ಮೇಲೆ ಮುಖ ಕಾಣುವ ಫೋಟೊ ಬೇಕಂತೆ. ನನಗೆ ಮೈಯೆಲ್ಲ ಉರಿಯಿತು.

“ಮುಖ ಕಂಡಿದ್ರೆ ನನ್ನ ಕೆಲ್ಸ ಕೆಟ್ಟಿದೆ ಅಂತ್ಲೇ ಅರ್ಥ ಕಣಮ್ಮ,” ಎಂದರು ಮಾಮ.

“ಸಾಕು ನಿಮ್ಮ ವೇದಾಂತ. ಮುಸುಕು ತೆಗೆದು ಬೊಂಬೆ ಹಿಡ್ಕೊಂಡು ಕೂತ್ಕೊಳ್ಳಿ,” ಎಂದೆ.

ಖಾಲಿ ರಂಗದಲ್ಲಿ ಕೂತರು. “ಮಾಮ, ಇಲ್ಲಿ ನೋಡಿ” ಎಂದು ಎಷ್ಟು ಕರೆದರೂ, ಬೊಂಬೆಯ ಕಾಲು ಕೈಗೆ ಬಂದ ಮೇಲೆ ಅವರ ಕತ್ತು ಮೇಲೇಳಲೇ ಇಲ್ಲ. ಹನ್ನೊಂದು ಫೋಟೊಗಳಲ್ಲೂ ಬರೀ ನೆತ್ತಿಯ ಬಿಳಿಗೂದಲು. ಅದರಲ್ಲೊಂದನ್ನು ಕಳಿಸಿದೆ. ಮುಖ ಸ್ಪಷ್ಟವಿಲ್ಲವೆಂದು ಅದೂ ವಾಪಸಾಯಿತು.

ಚಳಿಗಾಲದಲ್ಲಿ ಅದೇ ರೋಗ ಮಾಮನನ್ನು ಕೊಂಡೊಯ್ದಿತು. ಆಸ್ಪತ್ರೆಯವರು ಚೀಲದಲ್ಲಿ ಮುಚ್ಚಿ ಸೀದಾ ಚಿತಾಗಾರಕ್ಕೆ ಸಾಗಿಸಿದರು. ಹೆಂಡತಿ ತೋಮೆ ಅತ್ತೆಗೂ ಕೊನೆಯದಾಗಿ ಮುಖ ನೋಡಲು ಬಿಡಲಿಲ್ಲ.

ಧೂಪ ಹಚ್ಚಿಡಲು ಅತ್ತೆ ರಂಗದ ಮೇಲಿನ ಫೋಟೊವನ್ನೇ ಕೇಳಿದರು. ನಾಚುತ್ತಲೇ ಆ ಹನ್ನೊಂದರಲ್ಲಿ ಒಂದನ್ನು ಕೊಟ್ಟೆ. ಅತ್ತೆ ಆ ನೆತ್ತಿಯ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ಇವ್ರೇ ಕಣೆ,” ಎಂದರು. “ನಂಗೆ ಗೊತ್ತಾಗುತ್ತೆ.”