ಕರೆದ ಮೇಲೆ ಬಡಿಸಬೇಕು

ಮುಳ್ಳೇರಿಯ ಬಸ್‌ಸ್ಟ್ಯಾಂಡಿನೆದುರು, ಮಾಳಿಗೆಯಲ್ಲಿ ಪುಷ್ಪಾವತಿಯ ಕಂಪ್ಯೂಟರ್ ಅಂಗಡಿ. ರೇಶನ್ ಕಾರ್ಡ್, ಕರೆಂಟ್ ಬಿಲ್ಲು, ಮಕ್ಕಳ ಪರೀಕ್ಷೆಯ ಫಲಿತಾಂಶ, ಹೀಗೆ ಊರಿನ ಅರ್ಧ ಗುಟ್ಟು ಅವಳ ಬೆರಳ ತುದಿಯಲ್ಲಿ. ಅವಳ ಸ್ವಂತ ಗುಟ್ಟು ಒಂದೇ: ಪಾಸ್‌ವರ್ಡ್. ಅದು ತಮ್ಮ ತುಷಾರನ ಹೆಸರು.

ಅಂಗಡಿ ಅವನದೇ. ನಾಯ್ಮಾರ್ಮೂಲೆಯಲ್ಲಿ ಬೈಕು ಜಾರಿ ಅವನು ತೀರಿಹೋದ ಮೇಲೆ ಅಕ್ಕ ಬಂದು ಕೂತಳು. ಅವನ ತಿರುಗುವ ಕುರ್ಚಿಯನ್ನು ಮೂಲೆಗೆ ಸರಿಸಿ, ತನಗೊಂದು ಪ್ಲಾಸ್ಟಿಕ್ ಕುರ್ಚಿ ತಂದಳು.

ಬಾಯಲ್ಲಿ ಹೇಳಿಕೊಳ್ಳದೆ ಅವಳಿಗೆ ಟೈಪ್ ಬರದು. ದಿನಾ ಬೆಳಿಗ್ಗೆ “ತುಷಾರ” ಎನ್ನುತ್ತ ಒತ್ತುವಳು. ಪರದೆಯಲ್ಲಿ ಹೆಸರು ಮೂಡುವುದಿಲ್ಲ, ಕರಿ ಎಳ್ಳಿನಂಥ ಚುಕ್ಕಿಗಳ ಸಾಲು ಮೂಡುತ್ತದೆ. ಅಷ್ಟರಲ್ಲಿ ಮೂಲೆಯ ಕುರ್ಚಿ ಕಿರ್ರೆನ್ನುವುದು. ಫ್ಯಾನಿನ ಗಾಳಿ ಎಂದುಕೊಂಡಿದ್ದಳು. ಫ್ಯಾನ್ ಕೆಟ್ಟ ವಾರವೂ ಕಿರ್ರೆಂದಿತು.

ಒಂದು ಬೆಳಿಗ್ಗೆ ಪೆನ್ಶನ್ ಕಾಗದ ಹಿಡಿದು ಬಂದ ಮುದ್ದಣ್ಣ ಮಾವ ಅವಳು ಹೆಸರು ಹೇಳುವುದನ್ನು ಕೇಳಿಸಿಕೊಂಡರು.

“ಎಂತ ಪುಷ್ಪಾ, ಅವನನ್ನು ದಿನಾ ಕರೆಯುವುದಾ?”

“ಕರೆಯುವುದಲ್ಲ ಮಾವ, ಪಾಸ್‌ವರ್ಡ್.”

“ಎಂತ ವರ್ಡಾದರೂ ಹೆಸರು ಹೆಸರೇ ಅಲ್ವಾ? ಸತ್ತವರನ್ನು ಆಟಿ ತಿಂಗಳಲ್ಲಿ ಒಮ್ಮೆ ಕರೆದು, ಎಲೆ ಹಾಕಿ, ಹೊಟ್ಟೆ ತುಂಬಿಸಿ ಕಳಿಸುವುದು ನಮ್ಮ ಕ್ರಮ. ನೀನು ಕರೀತಿ, ಬಡಿಸುವುದಿಲ್ಲ. ಬಂದವ ಹಸಿದುಕೊಂಡು ಎಷ್ಟು ವರ್ಷ ಕೂತುಕೊಳ್ಳುವುದು ಮಾರಾಯ್ತಿ?”

ಮೂಲೆಯಲ್ಲಿ ಕಿರ್.

ಪೆನ್ಶನ್ನಿಗೆ ಬಂದ ಮಾವ ಟೆನ್ಶನ್ ಹೊತ್ತು ಮೆಟ್ಟಿಲಿಳಿದು ಓಡಿದರು. ಮೊಣಗಂಟಿನ ನೋವಿಗೆ ಆ ದಿನ ರಜೆ.

ತಮ್ಮನನ್ನು ಉಳಿಸಿಕೊಂಡಿದ್ದೇನೆ ಎಂದು ನಂಬಿದ್ದವಳಿಗೆ, ಹಸಿವೆಯಲ್ಲಿ ಕಟ್ಟಿಹಾಕಿದ್ದೇನೋ ಎಂಬ ಭಯ ಹತ್ತಿತು. ಕೆಳಗಿನ ಮೊಬೈಲ್ ಅಂಗಡಿಯ ಪೂಜಾಶ್ರೀಯನ್ನು ಕರೆದಳು. ಅವಳು ಪಾಸ್‌ವರ್ಡ್ ಹೆಣೆದು ಕೊಡುವ ಒಂದು ಟೂಲ್ ಹಾಕಿಕೊಟ್ಟಳು.

“ಹೆಸರು, ಊರು, ಹುಟ್ಟಿದ ದಿನ ಎಂತದ್ದೂ ಬೇಡ ಪುಷ್ಪಕ್ಕ. ಇದೇ ಅಕ್ಷರ ಕಲಸಿ ಕೊಡ್ತದೆ, ಇದೇ ನೆನಪಿಟ್ಟುಕೊಳ್ತದೆ. ಯಾರಿಗೂ ಊಹಿಸ್ಲಿಕ್ಕೆ ಆಗುವುದಿಲ್ಲ.”

“ಯಾರಿಗೂ ಅಂದರೆ... ಸತ್ತವರಿಗೆ?”

“ಬದುಕಿದ್ದವರಿಗೇ ಆಗುವುದಿಲ್ಲ, ಇನ್ನು ಸತ್ತವರಿಗಾ!”

ಹಳೆಯದು ಹೋಗಿ ಹೊಸ ಪಾಸ್‌ವರ್ಡ್ ಬಂತು: ಅಕ್ಷರ, ಅಂಕಿ, ನಡುವೆ ಎರಡು ಆಶ್ಚರ್ಯ ಚಿಹ್ನೆ. ಕರೆದರೆ ನಾಯಿಯೂ ಬಾರದ ಹೆಸರು.

ಮರುದಿನ ಪುಷ್ಪಾವತಿ ಬಾಯಿ ತೆರೆಯಲಿಲ್ಲ. ಟೂಲ್ ತಾನೇ ತುಂಬಿಕೊಂಡಿತು. ಆದರೂ ಕುರ್ಚಿ ಕಿರ್ರೆಂದಿತು. ಈ ಸಲ ಉದ್ದಕ್ಕೆ, ಬೇಗ ಬಂದು ಕೂತವನು ಇನ್ನೂ ಯಾಕೆ ಕರೆಯಲಿಲ್ಲ ಎಂದು ಅತ್ತಿತ್ತ ನೋಡುವ ಹಾಗೆ. ದಿನಾ ಹಾಗೆಯೇ ಆಯಿತು.

ಆಟಿಯ ಅಮಾವಾಸ್ಯೆಗೆ ಅವಳು ಕೋರಿರೊಟ್ಟಿ ಮಾಡಿ ತಂದಳು, ಕೋಳಿಸಾರು ಮತ್ತು ಗರಿಗರಿ ಒಣರೊಟ್ಟಿ. ತಿರುಗುವ ಕುರ್ಚಿಯನ್ನು ಕಂಪ್ಯೂಟರಿನೆದುರು ಅದರ ಹಳೇ ಜಾಗಕ್ಕೆ ಎಳೆದು, ಮೇಜಿನ ಮೇಲೆ ಎಲೆ ಹಾಕಿ ಬಡಿಸಿದಳು. ಪಾಸ್‌ವರ್ಡ್ ಕೇಳುವ ಜಾಗದಲ್ಲಿ ಗಟ್ಟಿಯಾಗಿ ಹೇಳುತ್ತ ಹಳೇ ಹೆಸರು ಒತ್ತಿದಳು. ಎಳ್ಳಿನ ಸಾಲು ಮೂಡಿತು. ಎಂಟರ್ ಒತ್ತಲಿಲ್ಲ. ಒತ್ತಿದರೆ ಯಂತ್ರ ‘ತಪ್ಪು’ ಎನ್ನುತ್ತದೆ. ಎಲೆಯ ಮುಂದೆ ಕೂತವನಿಗೆ ಅದನ್ನು ತೋರಿಸಲು ಮನಸ್ಸಾಗಲಿಲ್ಲ.

“ಉಂಡು ಹೋಗು ತುಷಾರ. ಇನ್ನು ಮುಂದಿನ ಆಟಿಗೆ ಕರೀತೇನೆ.”

ಶಟರ್ ಎಳೆದು ಹೊರಗೆ ನಿಂತಳು. ಮೆಟ್ಟಿಲಲ್ಲಿ ಮುದ್ದಣ್ಣ ಮಾವ, ಕೈಯಲ್ಲಿ ಅದೇ ಕಾಗದ.

“ಎಂತ, ಸರ್ವರ್ ಇಲ್ವಾ?”

“ಉಂಟು ಮಾವ. ಸ್ವಲ್ಪ ನಿಲ್ಲಿ, ಊಟ ಆಗ್ತಾ ಉಂಟು.”

ಒಳಗೆ ಕುರ್ಚಿ ಕಿರ್ರೆಂದಿತು. ಮತ್ತೆ, ಒಣರೊಟ್ಟಿ ಮುರಿದ ಸದ್ದು.

ಈ ಸಲ ಮಾವ ಓಡಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತರು.